ಅಪ್‌ಡೇಟ್: ಅಗರಬತ್ತಿಗೆ ಲಾರಿಯೋ ರೈಲೋ?

ಮೈಸೂರಿನ ನಮ್ಮ ಅಗರಬತ್ತಿ ಘಟಕದಿಂದ ಚೆನ್ನೈ ಬಂದರಿಗೆ ಲಾರಿಯೇ ಸಾಕೇ, ರೈಲು ಒಳ್ಳೆಯದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಕಂಟೇನರ್ ಪೂರ್ತಿ ತುಂಬಿದಾಗ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೆ ಒಯ್ದು, ಅಲ್ಲಿಯೇ ಕಸ್ಟಮ್ಸ್ ಮುಗಿಸಿ ರೈಲಿಗೆ ಏರಿಸುತ್ತಿದ್ದೇವೆ. ನಿಧಾನವೇ, ಆದರೆ ಬಂದರಿನ ಗೇಟಿನಲ್ಲಿ ಲಾರಿ ಕಾಯುತ್ತಾ ಬಾಡಿಗೆ ಏರುವ ತಲೆನೋವಿಲ್ಲ. ಹಡಗಿನ ಗಡುವು ಹತ್ತಿರವಿದ್ದರೆ ಮಾತ್ರ ನೇರ ಲಾರಿ.

ವಿಮಾನದಲ್ಲಿ ಕಳುಹಿಸುವುದು ಸ್ಯಾಂಪಲ್‌ಗಳನ್ನಷ್ಟೇ. ಅಲ್ಲಿ ಸರಕು ಹಗುರವಿದ್ದರೂ, ಅದು ಹಿಡಿಯುವ ಒಂದು ಘನ ಮೀಟರ್ ಜಾಗವನ್ನು ಸುಮಾರು 167 ಕಿಲೋ ಎಂದು ಬಾಡಿಗೆಗೆ ಲೆಕ್ಕ ಹಾಕುತ್ತಾರೆ. ನಮ್ಮ ಉಡುಗೊರೆ ಪೆಟ್ಟಿಗೆಗಳಲ್ಲೋ ಗಾಳಿಯೇ ಹೆಚ್ಚು! ಪೆಟ್ಟಿಗೆಯನ್ನೇ ಚಿಕ್ಕದು ಮಾಡಿಸಿದೆವು. ಬಂದ ಸಲಹೆಗಳಲ್ಲಿ ಹೆಚ್ಚು ಹಣ ಉಳಿಸಿದ್ದು ಅದೇ.

ಕಂಟೇನರ್ ತುಂಬದಷ್ಟು ಸರಕಿದ್ದಾಗ ಇತರರೊಂದಿಗೆ ಕಂಟೇನರ್ ಹಂಚಿಕೊಂಡು ಕಳುಹಿಸುವುದು ಇನ್ನೂ ಬಗೆಹರಿದಿಲ್ಲ. ಅಗರಬತ್ತಿಯ ವಾಸನೆ ಪಕ್ಕದ ಸರಕಿಗೂ ಹತ್ತುತ್ತದೆ. ಶ್ರೀಗಂಧದ ಪರಿಮಳದ ಕಾಫಿಪುಡಿ ಯಾರಿಗೆ ಬೇಕು? ಯಂತ್ರದ ಬಿಡಿಭಾಗ ಕಳುಹಿಸುವವರೊಂದಿಗೆ ಮಾತುಕತೆ ನಡೆದಿದೆ.