ಗ್ರಂಥಾಲಯ ಸಾಫ್ಟ್‌ವೇರ್ ಕೋಹಾಗೆ ಹಾಕಿದ ಮೇಲೆ ಕನ್ನಡ ಶೀರ್ಷಿಕೆಗಳು ಗಜಿಬಿಜಿ, ಬಜೆಟ್‌ನಲ್ಲಿ ಏನೇನು ಬರೆಯಬೇಕು?

ಕಪಾಟು
ಪದವಿ ಕಾಲೇಜು, 18,000 ಪುಸ್ತಕ. ಈಗಿನ ಸಾಫ್ಟ್‌ವೇರ್‌ನ ಎಎಂಸಿ (ವಾರ್ಷಿಕ ನಿರ್ವಹಣೆ ಶುಲ್ಕ) ವರ್ಷವರ್ಷ ಏರುತ್ತಿದೆ. ಕೋಹಾ ಉಚಿತ ಎಂದು ಪ್ರಿನ್ಸಿಪಾಲರು ಒಪ್ಪಿದ್ದಾರೆ. ಎಕ್ಸೆಲ್‌ಗೆ ತೆಗೆದ ಡೇಟಾ ಹಾಕಿದರೆ ಇಂಗ್ಲಿಷ್ ಸರಿ, ಕನ್ನಡ ಪೂರ್ತಿ ವಿಚಿತ್ರ ಅಕ್ಷರ. ಬಜೆಟ್ ಕೊಡಲು ಸೋಮವಾರ ಕೊನೇ ದಿನ.

ಸೂಚೀಪತ್ರ
ಸರ್, ಅದು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಹಳೇ ಆಸ್ಕಿ ಡೇಟಾ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ರೂಪ ತೊಡಿಸಿದ್ದು), ಯೂನಿಕೋಡ್ ಅಲ್ಲ. ಇಡೀ ಶೀಟನ್ನು ಆಸ್ಕಿ-ಯೂನಿಕೋಡ್ ಪರಿವರ್ತಕಕ್ಕೆ ಕೊಡಬೇಡಿ, ಇಂಗ್ಲಿಷ್ ಶೀರ್ಷಿಕೆಗಳೂ ಹಾಳಾಗುತ್ತವೆ. ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’ (À) ಅಕ್ಷರವನ್ನು ಫಿಲ್ಟರ್ ಮಾಡಿದರೆ ಕನ್ನಡದ ಸಾಲುಗಳು ಬಹುತೇಕ ಬೇರೆಯಾಗುತ್ತವೆ. ಅವುಗಳಲ್ಲಿ ಶೀರ್ಷಿಕೆ, ಲೇಖಕ, ಪ್ರಕಾಶಕ ಕಾಲಂಗಳನ್ನಷ್ಟೇ ಪರಿವರ್ತಿಸಿ. ಅಕ್ಸೆಷನ್ ನಂಬರ್ (ಪುಸ್ತಕದ ದಾಖಲಾತಿ ಸಂಖ್ಯೆ) ಕಾಲಂ ‘ಟೆಕ್ಸ್ಟ್’ ಆಗಿರಲಿ, ಇಲ್ಲದಿದ್ದರೆ ಆರಂಭದ ಸೊನ್ನೆಗಳು ಹಾರಿಹೋಗಿ ಬಾರ್‌ಕೋಡ್ ಹೊಂದುವುದಿಲ್ಲ.

ಆಮೇಲೆ ಮಾರ್ಕ್‌ಎಡಿಟ್‌ನಲ್ಲಿ ಮಾರ್ಕ್ 21 (ಗ್ರಂಥಾಲಯ ದಾಖಲೆಗಳ ಪ್ರಮಾಣಿತ ರೂಪ) ಮಾಡಿ: ಶೀರ್ಷಿಕೆ ಕ್ಷೇತ್ರ 245, ಲೇಖಕ 100, ಪ್ರತಿಯ ವಿವರ 952, ಬಾರ್‌ಕೋಡ್ ಅದರ ‘ಪಿ’ ಉಪಕ್ಷೇತ್ರಕ್ಕೆ. ಲೀಡರ್‌ನ (ಪ್ರತಿ ದಾಖಲೆಯ ಆರಂಭದ ಸಂಕೇತಸಾಲು) 9ನೇ ಸ್ಥಾನದಲ್ಲಿ ಇಂಗ್ಲಿಷ್ ‘ಎ’ ಇರಲೇಬೇಕು, ಯೂನಿಕೋಡ್ ಎಂದು ತಿಳಿಸುವುದು ಅದೇ. ಮೊದಲು ನೂರು ದಾಖಲೆ ಮಾತ್ರ ಹಾಕಿ ನೋಡಿ.

ಕಪಾಟು
ನೂರು ಹಾಕಿದೆ, ಓದಲು ಬರುತ್ತಿದೆ. ಆದರೆ ‘ಕರ್ನಾಟಕ’ ಎಂದು ಹುಡುಕಿದರೆ ಅರ್ಧ ಪುಸ್ತಕ ಸಿಗುತ್ತಿಲ್ಲ.

ಸೂಚೀಪತ್ರ
‘ಕನಾರ್ಟಕ’ ಎಂದು ಹುಡುಕಿ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಕೆಲವು ಪರಿವರ್ತಕಗಳು ಅದನ್ನು ಹಿಂದಕ್ಕೆ ತರುವುದಿಲ್ಲ. ‘ಧರ್ಮ’ವೂ ‘ಧಮರ್’ ಆಗಿರುತ್ತದೆ. ಪರಿವರ್ತಕ ಬದಲಿಸಿ, ಕೈಯಲ್ಲಿ ತಿದ್ದಲು ಕೂರಬೇಡಿ.

ರ‍್ಯಾಕ್7
ಖರ್ಚಿನ ಮಾತಿಗೆ ಬರೋಣ. ಲೈಸೆನ್ಸ್ ಸೊನ್ನೆ, ಡೇಟಾ ಕೆಲಸ ಸೊನ್ನೆಯಲ್ಲ. ಕೈಯಿಂದಲೇ ತಿದ್ದುವುದಾದರೆ ದಾಖಲೆಗೆ 2 ನಿಮಿಷ ಹಿಡಿದರೂ 600 ಗಂಟೆ. ದಿನಕ್ಕೆ 6 ಗಂಟೆಯಂತೆ ಒಬ್ಬರಿಗೆ 100 ದಿನದ ಕೂಲಿ. ಪರಿವರ್ತನೆ ಚೆನ್ನಾಗಿ ಆದರೂ ಅದರ ಕಾಲುಭಾಗ ಬರೆದಿಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಇಳಿಸಿಕೊಳ್ಳುವ ಕನ್ನಡ ದಾಖಲೆಗಳು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿರುತ್ತವೆ, ಅಲ್ಲಿಂದ ಉಳಿತಾಯ ನಿರೀಕ್ಷಿಸಬೇಡಿ.

ಉಳಿದದ್ದು: 8 ಜಿಬಿ ರ‍್ಯಾಮ್‌ನ ಡೆಸ್ಕ್‌ಟಾಪ್, ಯುಪಿಎಸ್, ಸ್ಕ್ಯಾನರ್, ಲೇಬಲ್, ಎರಡು ಹೊರಗಿನ ಡಿಸ್ಕ್. ಕೋಹಾ ದಿನಾ ಮಾಡುವ ಬ್ಯಾಕಪ್ ಅದೇ ಯಂತ್ರದಲ್ಲಿ ಕೂರುತ್ತದೆ. ಆ ಯಂತ್ರದ ಡಿಸ್ಕ್ ಕೆಟ್ಟರೆ ಮೂಲ ಡೇಟಾ, ಬ್ಯಾಕಪ್ ಎರಡೂ ಹೋಗುತ್ತವೆ. ಹೊಸ ಆವೃತ್ತಿ ಮೇ, ನವೆಂಬರ್‌ನಲ್ಲಿ ಬರುತ್ತದೆ. ವರ್ಷಕ್ಕೊಂದು ಸಲ ಅಪ್‌ಗ್ರೇಡ್ ಮಾಡಲು ತಿಳಿದವರ ಎರಡು ದಿನದ ಸಂಬಳ ಸೇರಿಸಿ.

ಹಳೇ ಎಎಂಸಿಯನ್ನು ಈಗಲೇ ನಿಲ್ಲಿಸಬೇಡಿ. ಯಾರ ಬಳಿ ಯಾವ ಪುಸ್ತಕ ಇದೆ, ಎಷ್ಟು ದಂಡ ಬಾಕಿ ಎನ್ನುವ ಪಟ್ಟಿ ಎಕ್ಸೆಲ್‌ನಲ್ಲಿ ಬಂದಿದೆಯೇ ನೋಡಿ. ಬರೀ ಪುಸ್ತಕಗಳ ಪಟ್ಟಿ ಕೊಟ್ಟು ‘ಡೇಟಾ ಕೊಟ್ಟಿದ್ದೇವೆ’ ಎನ್ನುವ ಕಂಪನಿಯವರೇ ಹೆಚ್ಚು.