ಅಂಕ ಇಳಿದ ಮಾತ್ರಕ್ಕೆ ಕಾರ್ಯಕ್ರಮ ಫಲಿಸಿತು ಎನ್ನಬಹುದೇ?

ಪ್ರಶ್ನೆ: ಕೊಪ್ಪಳ ಜಿಲ್ಲೆಯಲ್ಲಿರುವ ನಮ್ಮ ಚಿಕ್ಕ ಸಂಸ್ಥೆಯು ಆಶಾ ಕಾರ್ಯಕರ್ತೆಯರಿಗೆ ತರಬೇತಿ ನೀಡಿ, ಖಿನ್ನತೆಯ ಲಕ್ಷಣವಿರುವ ಮಹಿಳೆಯರಿಗೆ ಅವರಿಂದ ವಾರಕ್ಕೊಮ್ಮೆ ಆಪ್ತಸಮಾಲೋಚನೆ ಕೊಡಿಸುತ್ತಿದೆ. ಖಿನ್ನತೆಯ ತೀವ್ರತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ (ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು) 10 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರನ್ನಷ್ಟೇ ಸೇರಿಸಿಕೊಂಡಿದ್ದೆವು. ಆರು ತಿಂಗಳ ನಂತರ ಅದೇ ಕಾರ್ಯಕರ್ತೆಯರು ಪುನಃ ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯ ಅಂಕ 10ರ ಕೆಳಗಿತ್ತು. ದಾನಿಗಳ ವರದಿಯಲ್ಲಿ ಇದನ್ನು ಕಾರ್ಯಕ್ರಮದ ಫಲವೆಂದು ಬರೆಯಬಹುದೇ, ಮೇಡಂ?

ಉತ್ತರ: ಅಂಕ ಇಳಿದಿದೆ ಎಂದು ಧಾರಾಳವಾಗಿ ಬರೆಯಿರಿ, ಕಾರ್ಯಕ್ರಮದಿಂದ ಇಳಿಯಿತು ಎಂದು ಬರೆಯಲು ನಿಮ್ಮ ಬಳಿ ಆಧಾರವಿಲ್ಲ. ಇದಕ್ಕೆ ಗೋವಾದಲ್ಲಿ ನಡೆದ, ಖಿನ್ನತೆ, ಆತಂಕದ ರೋಗಿಗಳಿಗೆ ಸಮಾಲೋಚನೆ ಫಲಿಸುತ್ತದೆಯೇ ಎಂದು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟವಾದ ಮಾನಸ್ ಪ್ರಯೋಗಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಂಡಿಲ್ಲ. ಅಲ್ಲಿ 12 ಸರ್ಕಾರಿ ಆರೋಗ್ಯ ಕೇಂದ್ರಗಳನ್ನೂ 12 ಖಾಸಗಿ ಕ್ಲಿನಿಕ್‌ಗಳನ್ನೂ ಆಯ್ದು, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರನ್ನು ಯಾವ ಕಡೆ ನೇಮಿಸಬೇಕೆಂಬುದನ್ನು ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ನಿರ್ಧರಿಸಲಾಗಿತ್ತು. ಆರು ತಿಂಗಳ ನಂತರ ನೋಡಿದರೆ, ಸರ್ಕಾರಿ ಕೇಂದ್ರಗಳಲ್ಲಿ ಸಮಾಲೋಚನೆ ಇದ್ದ ಕಡೆ ಶೇ 65.9ರಷ್ಟು, ಇಲ್ಲದ ಕಡೆ ಶೇ 42.5ರಷ್ಟು ರೋಗಿಗಳು ಚೇತರಿಸಿಕೊಂಡಿದ್ದರು. ಖಾಸಗಿ ಕ್ಲಿನಿಕ್‌ಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ 64.1 ಮತ್ತು ಶೇ 65.9, ಎಂದರೆ ಸಮಾಲೋಚನೆಯಿಂದ ಹೆಚ್ಚುವರಿ ಪ್ರಯೋಜನವೇನೂ ಕಾಣಲಿಲ್ಲ. ಈ ಖಾಸಗಿ ಕ್ಲಿನಿಕ್‌ಗಳ ಸಮಾಲೋಚನೆಯ ಗುಂಪನ್ನು ಮಾತ್ರ ನೋಡಿದ್ದವರು, ಮೂವರಲ್ಲಿ ಹೆಚ್ಚುಕಡಿಮೆ ಇಬ್ಬರು ಗುಣವಾದರೆಂದು ಸಂಭ್ರಮದಿಂದಲೇ ವರದಿ ಬರೆಯುತ್ತಿದ್ದರು. ಈಗ ನಿಮ್ಮ ಕೈಯಲ್ಲಿರುವುದೂ ಅಂಥದೇ ಒಂದು ಗುಂಪಿನ ಅಂಕಿ.

ಖಿನ್ನತೆ ಬಹಳ ಜನರಲ್ಲಿ ಏರಿಳಿಯುತ್ತಿರುತ್ತದೆ. ಅಂಕ ಹೆಚ್ಚಿದ್ದ ದಿನವೇ ಆಯ್ಕೆಯಾದವರನ್ನು ಕೆಲವು ತಿಂಗಳ ನಂತರ ಅಳೆದರೆ, ಏನೂ ಮಾಡದಿದ್ದರೂ ಸರಾಸರಿ ಸ್ವಲ್ಪ ಇಳಿದೇ ಇರುತ್ತದೆ. ಸುಗ್ಗಿ ಮುಗಿದು ಕೈಗೆ ಹಣ ಬಂದ ಕಾಲದಲ್ಲಿ ಅಳೆದಿದ್ದರೆ ಇನ್ನಷ್ಟು ಇಳಿದಿರಬಹುದು. ಇದರ ಜೊತೆಗೆ, ತಿಂಗಳುಗಟ್ಟಲೆ ಮನೆಗೆ ಬಂದು ಕಷ್ಟಸುಖ ಕೇಳಿದ ಆಶಾ ಅಕ್ಕನೇ ಎದುರು ಕುಳಿತು ‘ಈಗ ಹೇಗಿದ್ದೀರಿ’ ಎಂದರೆ, ‘ಏನೂ ಸುಧಾರಿಸಿಲ್ಲ’ ಎಂದು ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಗೋವಾದಲ್ಲೇ ನಂತರ 495 ಮಂದಿಯೊಂದಿಗೆ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಯಾರು ಯಾವ ಗುಂಪಿನವರೆಂದು ತಿಳಿಯದವರಿಂದಲೇ ಅಳತೆ ಮಾಡಿಸಲಾಯಿತು. ಸಮಾಲೋಚನೆ ಪಡೆದವರಲ್ಲಿ ಶೇ 64ರಷ್ಟು ಮಂದಿಯ ಅಂಕ ಮೂರು ತಿಂಗಳಲ್ಲಿ 10ರ ಕೆಳಗೆ ಬಂದರೆ, ಪಡೆಯದವರಲ್ಲೂ ಶೇ 39ರಷ್ಟು ಮಂದಿಗೆ ಹಾಗೆಯೇ ಆಯಿತು. ಕಾರ್ಯಕ್ರಮದ ಪಾಲೆಂದು ಹೇಳಬಹುದಾದದ್ದು ಇವೆರಡರ ನಡುವಿನ ಅಂತರ ಮಾತ್ರ.

ಮರುಪ್ರಶ್ನೆ: ಹೋಲಿಕೆಗೆಂದು ಕೆಲವು ಹಳ್ಳಿಗಳಿಗೆ ನೆರವು ಕೊಡದೇ ಇರುವುದು ಸರಿಯೇ? ಒಂದು ಹಳ್ಳಿಯನ್ನು ಹಾಗೆ ಬಿಟ್ಟರೆ ಸಾಕಾಗುತ್ತದೆಯೇ?

ಉತ್ತರ: ಕೊಡದೇ ಇರಬೇಕಿಲ್ಲ, ಸರದಿಯಲ್ಲಿ ಕೊಡಿ. ಹೇಗೂ ನಿಮ್ಮಂತಹ ಸಂಸ್ಥೆಗೆ ಎಲ್ಲ ಹಳ್ಳಿಗಳಲ್ಲೂ ಒಂದೇ ದಿನ ಆರಂಭಿಸುವಷ್ಟು ಜನಬಲ ಇರಲಾರದು. ಯಾವ ಹಳ್ಳಿ ಮೊದಲು, ಯಾವುದು ನಂತರ ಎಂಬುದನ್ನು ನಿಮ್ಮ ಅನುಕೂಲಕ್ಕಾಗಲಿ ಊರಿನ ಪ್ರಮುಖರ ಒತ್ತಾಯಕ್ಕಾಗಲಿ ಬಿಡದೆ ಚೀಟಿ ಎತ್ತಿ ನಿರ್ಧರಿಸಿ, ಎಲ್ಲ ಹಳ್ಳಿಗಳಲ್ಲೂ ಒಂದೇ ಅವಧಿಯಲ್ಲಿ ಅಳೆದರೆ, ಸರದಿ ಕಾಯುತ್ತಿರುವ ಹಳ್ಳಿಗಳೇ ಹೋಲಿಕೆಯ ಗುಂಪಾಗುತ್ತವೆ. ಆದರೆ ಒಂದು ಹಳ್ಳಿಗೆ ಒಂದು ಹಳ್ಳಿ ಸಾಲದು. ಒಂದೇ ಊರಿನವರು ಒಂದೇ ಬರ, ಒಂದೇ ಸಾಲ, ಒಬ್ಬಳೇ ಕಾರ್ಯಕರ್ತೆಯ ಸಾಮರ್ಥ್ಯವನ್ನು ಹಂಚಿಕೊಂಡಿರುವುದರಿಂದ, ಊರಿಗೆ ನೂರು ಮಹಿಳೆಯರಿದ್ದರೂ ಲೆಕ್ಕದಲ್ಲಿ ಹೆಚ್ಚು ತೂಗುವುದು ಹಳ್ಳಿಗಳ ಸಂಖ್ಯೆಯೇ. ಎಷ್ಟು ಹಳ್ಳಿ ಬೇಕೆಂಬುದನ್ನು ಆರಂಭಕ್ಕೆ ಮೊದಲೇ ಸಂಖ್ಯಾಶಾಸ್ತ್ರಜ್ಞರಿಂದ ಲೆಕ್ಕ ಹಾಕಿಸಿ, ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ ಒಪ್ಪಿಗೆಯನ್ನೂ ಪಡೆಯಿರಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಆಲೋಚನೆಯನ್ನು ಕುರಿತದ್ದು. ಅದಕ್ಕೆ ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಆ ಮಹಿಳೆ ಸರದಿ ಕಾಯುತ್ತಿರುವ ಹಳ್ಳಿಯವರಾದರೂ ಅದೇ ದಿನ ಕಾರ್ಯಕರ್ತೆ ಯಾರಿಗೆ ತಿಳಿಸಬೇಕು, ಅವರನ್ನು ಯಾವ ವೈದ್ಯರ ಬಳಿಗೆ ಕರೆದೊಯ್ಯಬೇಕು ಎಂಬುದು ಮೊದಲೇ ಬರಹದಲ್ಲಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಎರಡೂ ಗುಂಪಿನ ಎಲ್ಲರಿಗೂ ಮೊದಲ ಭೇಟಿಯಲ್ಲೇ ಕೊಡಿ.