ಜಪಾನಿನ ರಾಮೆನ್: ಗಟ್ಟಿ ನೂಡಲ್ಸ್ ಕೇಳುವುದೇ ಸರಿಯಾ? ಸಸ್ಯಾಹಾರಿಗಳಿಗೆ ದಾರಿ ಏನು?

ಯೊಕೊಹಾಮಾ ವಾಸಿ:

ಕೆಲಸಕ್ಕೆಂದು ಜಪಾನಿಗೆ ಬಂದು ರಾಮೆನ್ ಹುಚ್ಚು ಹತ್ತಿಸಿಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. "ತಿನ್ನಲೇಬೇಕಾದ ಹತ್ತು ಅಂಗಡಿ" ತರಹದ ಪಟ್ಟಿ ಬೇಡ, ತಿನ್ನುವ ಕ್ರಮ ಹೇಳಿ.

ಇಎಕೇ (ಯೊಕೊಹಾಮಾದ ರಾಮೆನ್ ಶೈಲಿ) ಅಂಗಡಿಗಳಲ್ಲಿ ಯಂತ್ರದಿಂದ ಕೊಂಡ ಊಟದ ಟಿಕೆಟ್ ಕೊಟ್ಟ ಕೂಡಲೇ ಮೂರು ವಿಷಯ ಕೇಳುತ್ತಾರೆ: ನೂಡಲ್ಸ್ ಎಷ್ಟು ಗಟ್ಟಿ, ರುಚಿ ಎಷ್ಟು ಗಾಢ, ಎಣ್ಣೆ ಎಷ್ಟು. ಮೂರಕ್ಕೂ "ಫುತ್ಸು" (ಸಾಧಾರಣ) ಅಂದುಬಿಡುತ್ತೇನೆ. ಪಕ್ಕದವರೆಲ್ಲ "ಕತಾಮೆ" (ಗಟ್ಟಿಯಾಗಿ) ಅನ್ನುತ್ತಾರೆ. ಗಟ್ಟಿಯೇ ಉತ್ತಮವಾ? ಸೂಪ್ ಪೂರ್ತಿ ಕುಡಿಯಬೇಕಾ, ಬಿಟ್ಟರೆ ಅವಮಾನವಾ? ಕೊನೆಯದು ಮುಖ್ಯ: ಮನೆಯವರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ರಾಮೆನ್ ಹೇಳಿ ಮೇಲಿನ ಮಾಂಸ ತೆಗೆಸಿದರೆ ಸಾಕು ಅಂತ ಒಬ್ಬರು ಹೇಳಿದರು. ನಂಬಬಹುದಾ?

ಹಕಾತಾ ಮಾಣಿ:

ಗಟ್ಟಿತನದ ಪ್ರಶ್ನೆಗೆ ಎಲ್ಲ ಊರಿಗೂ ಒಂದೇ ಉತ್ತರ ಇಲ್ಲ. ಹಿಟ್ಟಿಗೆ ಎಷ್ಟು ನೀರು ಹಾಕಿ ಕಲಸಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ.

ಹಕಾತಾ (ಫುಕುಒಕಾ ನಗರದ ಭಾಗ) ನೂಡಲ್ಸ್ ಸಪೂರ, ನೇರ. 100 ಗ್ರಾಂ ಹಿಟ್ಟಿಗೆ ನೀರು 25ರಿಂದ 30 ಗ್ರಾಂ ಅಷ್ಟೇ. ನೀರಿನಂಶ ಕಡಿಮೆ ಆದ್ದರಿಂದ ಬಟ್ಟಲಿಗೆ ಬಿದ್ದ ಮೇಲೂ ಸೂಪನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಐದು ನಿಮಿಷ ಮೊಬೈಲ್ ನೋಡುತ್ತಾ ಕೂತರೆ ಮುದ್ದೆ. ಅದಕ್ಕೇ ಅಲ್ಲಿ ಒಂದು ಸಲಕ್ಕೆ ಸ್ವಲ್ಪವೇ ಕೊಟ್ಟು, ಮುಗಿದ ಮೇಲೆ "ಕಾಎದಾಮಾ" ಅಂತ ಇನ್ನೊಂದು ಉಂಡೆ ನೂಡಲ್ಸನ್ನು ಅದೇ ಸೂಪಿಗೆ ಹಾಕುತ್ತಾರೆ. ಫುಕುಒಕಾದ ನಗಹಾಮಾ ಮೀನು ಮಾರುಕಟ್ಟೆಯ ಕೆಲಸಗಾರರಿಗೆ ಬೇಗ ಬಡಿಸಲು ಬೆಳೆದ ಪದ್ಧತಿ ಇದು. ಬೇಯುವ ಹೊತ್ತು ಅಂಗಡಿಯಿಂದ ಅಂಗಡಿಗೆ ಬೇರೆ. ಸುಮಾರಾಗಿ ಫುತ್ಸು 45 ಸೆಕೆಂಡ್, ಕತಾ (ಗಟ್ಟಿ) 20ರಿಂದ 30, ಬರಿಕತಾ (ತುಂಬಾ ಗಟ್ಟಿ) 15ರ ಆಸುಪಾಸು. ಇಲ್ಲಿ ಕತಾ ಕೇಳುವುದಕ್ಕೆ ಅರ್ಥವಿದೆ, ತಿನ್ನುತ್ತಾ ಹೋದಂತೆ ತಾನೇ ಹದಕ್ಕೆ ಬರುತ್ತದೆ. ಬರಿಕತಾಗಿಂತ ಮುಂದೆ ಹೋದರೆ ಹಸಿ ಹಿಟ್ಟಿನ ವಾಸನೆ. ಅದು ಬರೀ ಶೋಕಿ ಅಂತ ನನ್ನ ಅಭಿಪ್ರಾಯ.

ಕಾಎದಾಮಾ ಬೇಕೆಂದರೆ ಸೂಪ್ ಅರ್ಧದಷ್ಟಾದರೂ ಉಳಿಸಿ. ಎರಡು ತುತ್ತು ನೂಡಲ್ಸ್ ಉಳಿದಿರುವಾಗಲೇ ಹೇಳಿಬಿಡಿ. ಎರಡನೇ ಉಂಡೆ ಬಿದ್ದಾಗ ಸೂಪ್ ತೆಳುವಾಗುತ್ತದೆ, ಕೌಂಟರಿನ ಮೇಲಿನ ಚಿಕ್ಕ ಕೆಟಲಿನಲ್ಲಿರುವ ತಾರೆ (ಬಟ್ಟಲಿನ ತಳಕ್ಕೆ ಹಾಕುವ ಉಪ್ಪುರಸ) ಅದಕ್ಕೇ ಇರುವುದು. ಖಾರದ ತಕಾನಾ ಸೊಪ್ಪಿನ ಉಪ್ಪಿನಕಾಯಿಯನ್ನು ಮೊದಲೇ ಸುರಿಯಬೇಡಿ, ಸೂಪಿನ ರುಚಿ ಮುಚ್ಚಿಹೋಗುತ್ತದೆ. ಅದು ಎರಡನೇ ಸುತ್ತಿಗೆ.

ಇಎಕೇ ಕಥೆಯೇ ಬೇರೆ. 1974ರಲ್ಲಿ ಯೊಕೊಹಾಮಾದಲ್ಲಿ ಯೊಶಿಮುರಾಯಾ ಶುರು ಮಾಡಿದ ಶೈಲಿ: ಹಂದಿ ಮತ್ತು ಕೋಳಿ ಮೂಳೆಯ ಸೂಪ್, ಸೋಯಾ ತಾರೆ, ಮೇಲೆ ಕೋಳಿ ಎಣ್ಣೆ, ಪಾಲಕ್, ನೊರಿ (ಕಡಲಕಳೆಯ ಹಾಳೆ). ನೂಡಲ್ಸ್ ದಪ್ಪ, ಬೇಯಲು ನಾಲ್ಕು ನಿಮಿಷದ ಹತ್ತಿರ ಬೇಕು. ಇಲ್ಲಿ ಕತಾಮೆ ಅಂದರೆ ನಡುಭಾಗ ಹಿಟ್ಟು ಹಿಟ್ಟಾಗಿ ಉಳಿಯುತ್ತದೆ, ಸೂಪೂ ಹತ್ತುವುದಿಲ್ಲ. ಹೊಸ ಅಂಗಡಿಯಲ್ಲಿ ಫುತ್ಸು ಹೇಳುವುದೇ ಜಾಣತನ, ನೀವು ತಪ್ಪು ಮಾಡುತ್ತಿಲ್ಲ. ಉಪ್ಪು ಜಾಸ್ತಿ ಅನಿಸಿದರೆ "ಆಜಿ ಉಸುಮೆ", ಜಿಡ್ಡು ಜಾಸ್ತಿ ಅನಿಸಿದರೆ "ಅಬುರಾ ಸುಕುನಾಮೆ" ಅನ್ನಿ. ಅನ್ನದ ಜೊತೆ ತಿನ್ನುವವರು ಮಾತ್ರ ರುಚಿ ಗಾಢವಾಗಿ ಕೇಳಿ, ಸೂಪಿನಲ್ಲಿ ನೆನೆದ ನೊರಿಯಲ್ಲಿ ಅನ್ನ ಸುತ್ತಿ ತಿನ್ನುತ್ತಾರೆ.

ಕ್ಯೂನಲ್ಲಿ ನಿಂತವ:

ಮಾಣಿಯವರು ಪೂರ್ತಿ ಹೇಳಿದ್ದಾರೆ. ನಾನು ಬಾಗಿಲ ಹತ್ತಿರದ ವಿಷಯ ಸೇರಿಸುತ್ತೇನೆ.

ಟಿಕೆಟ್ ಯಂತ್ರಕ್ಕೆ ಮೊದಲು ದುಡ್ಡು, ಆಮೇಲೆ ಗುಂಡಿ. ಹಳೆಯ ಯಂತ್ರಗಳು 1000 ಯೆನ್ ನೋಟು ಮತ್ತು ನಾಣ್ಯ ಮಾತ್ರ ತಗೊಳ್ಳುತ್ತವೆ. 2024ರ ಜುಲೈನಲ್ಲಿ ಬಂದ ಹೊಸ ನೋಟನ್ನು ವಾಪಸ್ ಉಗುಳುವ ಯಂತ್ರಗಳೂ ಇವೆ, ಆದ್ದರಿಂದ ಹಳೆ ನೋಟು ಸಿಕ್ಕಿದರೆ ಎತ್ತಿಡಿ. ಓದಲು ಬರದಿದ್ದರೆ ಮೇಲಿನ ಎಡ ಮೂಲೆಯ ಗುಂಡಿ ಒತ್ತಿ, ಸಾಮಾನ್ಯವಾಗಿ ಅಂಗಡಿಯ ಮುಖ್ಯ ರಾಮೆನ್ ಅಲ್ಲಿರುತ್ತದೆ. ಕೆಲವು ಯಂತ್ರಗಳಲ್ಲಿ ಹಿಡಿ ತಿರುಗಿಸದೆ ಚಿಲ್ಲರೆ ಬೀಳುವುದಿಲ್ಲ, ಮರೆಯಬೇಡಿ. ಮೊದಲು ಟಿಕೆಟ್ಟೋ ಮೊದಲು ಸಾಲೋ ಅನ್ನುವುದು ಅಂಗಡಿಗೊಂದು ರೀತಿ, ಮುಂದಿನವರನ್ನು ನೋಡಿ.

ಜಿರೋ ಶೈಲಿಯ (ರಾಶಿ ರಾಶಿ ಬಡಿಸುವ) ಅಂಗಡಿಗೆ ಹೋಗುವುದಾದರೆ ಹುಷಾರು. ಅಲ್ಲಿ ಚಿಕ್ಕದು ಅನ್ನುವುದರಲ್ಲೇ ಬೇಯಿಸುವ ಮೊದಲು 300 ಗ್ರಾಂ ನೂಡಲ್ಸ್ ಇರುವುದುಂಟು. ಬಡಿಸುವ ಮುಂಚೆ "ನಿನ್ನಿಕು ಇರೆಮಾಸ್ ಕಾ" ಅಂತ ಬೆಳ್ಳುಳ್ಳಿ ಬೇಕಾ ಕೇಳುತ್ತಾರೆ. ತರಕಾರಿ, ಬೆಳ್ಳುಳ್ಳಿ, ಕೊಬ್ಬು, ಹೆಚ್ಚು ತಾರೆ, ಇವುಗಳಲ್ಲಿ ಬೇಕಾದ್ದನ್ನು ಹೇಳಬೇಕಾದ್ದು ಆಗಲೇ. ಟಿಕೆಟ್ ಕೊಡುವಾಗ ಹೇಳಿದರೆ ಕೆಲವು ಕಡೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ನೂಡಲ್ಸ್ ಕಡಿಮೆ ಬೇಕೆಂದರೆ ಮಾತ್ರ ಟಿಕೆಟ್ ಕೊಡುವಾಗಲೇ "ಸುಕುನಾಮೆ" ಅನ್ನಿ. ಅಲ್ಲಿ ಬಟ್ಟಲಲ್ಲಿ ರಾಶಿ ಉಳಿಸುವುದನ್ನು ಇಷ್ಟಪಡುವುದಿಲ್ಲ.

ತಿಂದಾದ ಮೇಲೆ ಬಟ್ಟಲನ್ನು ಕೌಂಟರಿನ ಮೇಲ್ಗಟ್ಟೆಗೆ ಎತ್ತಿಟ್ಟು, ಜಾಗ ಒರೆಸಿ ಎದ್ದುಬಿಡಿ. ಹರಟೆಗೆ ಬೇರೆ ಜಾಗ ಇದೆ.

ಕೊಂಬು ಸಾರು:

ಮಿಸೊ ರಾಮೆನ್ ಸಲಹೆ ನಂಬಬೇಡಿ. ಮಾಂಸ ಇರುವುದು ಬರೀ ಮೇಲಲ್ಲ, ಕೆಳಗಿನ ಸೂಪೇ ಮೂಳೆಯದ್ದು. ನಮ್ಮಲ್ಲಿ ಬೇಳೆಕಟ್ಟಿಗೆ ಸಾರಿನ ಪುಡಿ ಬಿದ್ದಂತೆ, ಅಲ್ಲಿ ಮೂಳೆ ಸೂಪಿಗೆ ಮಿಸೊ ಬೀಳುತ್ತದೆ. ಸಪ್ಪೊರೊ ಮಿಸೊ ರಾಮೆನ್‌ನಲ್ಲಂತೂ ತರಕಾರಿಯನ್ನೂ ಹಂದಿ ಕೊಬ್ಬಿನಲ್ಲೇ ಬಾಡಿಸುವುದು ವಾಡಿಕೆ, ಸೂಪ್ ಬಿಸಿ ಆರದಂತೆ ಮೇಲೆ ಕೊಬ್ಬಿನ ಪದರವೂ ಇರುತ್ತದೆ. ಶಿಯೊ (ಉಪ್ಪು), ಶೋಯು (ಸೋಯಾ ಸಾಸ್) ರಾಮೆನ್ ಇವೂ ಅಷ್ಟೇ, ಕೋಳಿ ಅಥವಾ ಒಣಮೀನಿನ ಮೇಲೆ ನಿಂತವು. "ನಿಕು ನಾಶಿ" (ಮಾಂಸ ಬೇಡ) ಅಂದರೆ ಮೇಲಿನ ತುಂಡು ತೆಗೆದು ಅದೇ ಸೂಪ್ ಕೊಡುತ್ತಾರೆ. ಅವರಿಗೆ ಅದು ಮೋಸವಲ್ಲ, ನೀವು ಕೇಳಿದ್ದೇ ಅಷ್ಟು.

ವೀಗನ್ ಅಂತ ಬರೆದಿರುವ ರಾಮೆನ್ ಹುಡುಕಿ. ತೊಕ್ಯೊ ಸ್ಟೇಷನ್ನಿನ ಕೇಯೊ ಸ್ಟ್ರೀಟ್‌ನಲ್ಲಿರುವ ಟೀಸ್ ತಾನ್‌ತಾನ್ ಅನ್ನುವ ಅಂಗಡಿಯಲ್ಲಿ ಪ್ರಾಣಿಮೂಲದ್ದು ಏನೂ ಬಳಸುವುದಿಲ್ಲ. ಅಂಗಡಿ ರೈಲು ಟಿಕೆಟ್ ಗೇಟಿನ ಒಳಗಿದೆ, ರೈಲು ಬದಲಿಸುವಾಗ ಹೋಗುವುದು ಅನುಕೂಲ. ಅಫುರಿ ಅನ್ನುವ ರಾಮೆನ್ ಅಂಗಡಿಗಳಲ್ಲಿ ವೀಗನ್ ರಾಮೆನ್ ಪ್ರತ್ಯೇಕವಾಗಿ ಸಿಗುತ್ತದೆ, ಆದರೆ ಅಡುಗೆಮನೆ ಒಂದೇ. ಮಡಿ ನೋಡುವವರು ಯೋಚಿಸಿ. ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವವರು "ಗೊಕುನ್ ನಾಶಿ" ಅಥವಾ "ಓರಿಯೆಂಟಲ್ ವೀಗನ್" ಅಂತ ಹುಡುಕಬೇಕು, ಬರೀ ವೀಗನ್ ಅಂದರೆ ಬೆಳ್ಳುಳ್ಳಿ ಇದ್ದೇ ಇರುತ್ತದೆ ಅಂದುಕೊಳ್ಳಿ.

ಪ್ಯಾಕೆಟ್ ಕೊಳ್ಳುವಾಗ ಅಲರ್ಜಿ ಪಟ್ಟಿ ಒಂದನ್ನೇ ನಂಬಬೇಡಿ. ಹಂದಿ, ದನ, ಕೋಳಿ ಕಡ್ಡಾಯ ಪಟ್ಟಿಯಲ್ಲಿಲ್ಲ, ನಮೂದಿಸಿದರೆ ಒಳ್ಳೆಯದು ಅನ್ನುವ ಪಟ್ಟಿಯಲ್ಲಿವೆ. ಪದಾರ್ಥಗಳ ಸಾಲಿನಲ್ಲಿ ಪೋಕು ಎಕಿಸು (ಹಂದಿ ಸಾರ), ಚಿಕಿನ್ ಎಕಿಸು (ಕೋಳಿ ಸಾರ), ಗ್ಯೊಕಾಯ್ ಎಕಿಸು (ಮೀನು-ಸಿಗಡಿ ಸಾರ), ರಾಡೊ (ಹಂದಿ ಕೊಬ್ಬು), ಜೆರಾಚಿನ್ (ಜೆಲಟಿನ್) ಇವೆಯಾ ನೋಡಿ. ತಾಜಾ ನೂಡಲ್ಸಿನ ಹಳದಿ ಬಣ್ಣ ಮೊಟ್ಟೆಯದ್ದೇ ಆಗಬೇಕಿಲ್ಲ, ಕನ್ಸುಯಿ ಅನ್ನುವ ಕ್ಷಾರ ಹಿಟ್ಟಿನ ಜೊತೆ ಸೇರಿದಾಗಲೂ ಆ ಬಣ್ಣ ಬರುತ್ತದೆ. ಆದರೆ ಕೆಲವಕ್ಕೆ ರಾನ್‌ಪಾಕು, ಅಂದರೆ ಮೊಟ್ಟೆಯ ಬಿಳಿ, ಸೇರಿಸಿರುತ್ತಾರೆ.

ಯೊಕೊಹಾಮಾ ವಾಸಿ:

ತುಂಬಾ ಉಪಕಾರ. ಹಾಗಾದರೆ ಮನೆಯಲ್ಲೇ ಮಾಡುವ ವೀಗನ್ ತಾನ್‌ತಾನ್ (ಎಳ್ಳು, ಖಾರದ ಎಣ್ಣೆಯ ರಾಮೆನ್) ಅಳತೆ ಇದ್ದರೆ ಕೊಡಿ. ಸೋಯಾ ಹಾಲು ಒಡೆದುಹೋಗುತ್ತದೆ ಅಂತ ಕೇಳಿದ್ದೇನೆ. ಸೂಪ್ ಪ್ರಶ್ನೆ ಹಾಗೇ ಉಳಿಯಿತು.

ಕ್ಯೂನಲ್ಲಿ ನಿಂತವ:

ಸೂಪ್ ಬಿಡುವುದು ಅವಮಾನ ಅಲ್ಲ. ಪೂರ್ತಿ ಕುಡಿದರೆ ಬಟ್ಟಲಿಗೆ 5ರಿಂದ 7 ಗ್ರಾಂ ಉಪ್ಪು. ಜಪಾನ್ ಸರ್ಕಾರದ ಗುರಿಯೇ ಗಂಡಸರಿಗೆ ದಿನಕ್ಕೆ 7.5 ಗ್ರಾಂ, ಹೆಂಗಸರಿಗೆ 6.5 ಗ್ರಾಂ ಒಳಗೆ. ವಾರಕ್ಕೆ ಎರಡು ಮೂರು ಸಲ ತಿನ್ನುವವರು ಬಿಡುವುದೇ ವಾಸಿ. ತ್ಸುಕೆಮೆನ್ (ನೂಡಲ್ಸ್ ಬೇರೆ, ಸೂಪ್ ಬೇರೆ ಕೊಡುವ ರಾಮೆನ್) ಆದರೆ ಅದ್ದುವ ಸೂಪ್ ಇನ್ನೂ ಗಾಢ, ಕುಡಿಯಬೇಕೆಂದರೆ ಕೊನೆಗೆ "ಸೂಪ್ ವರಿ" ಕೇಳಿ, ಬಿಸಿ ತಿಳಿ ಸೂಪ್ ಸೇರಿಸಿ ಕೊಡುತ್ತಾರೆ.

ಕೊಂಬು ಸಾರು:

ಇಬ್ಬರಿಗೆ: 700 ಮಿ.ಲೀ. ನೀರಿಗೆ 10 ಗ್ರಾಂ ಕೊಂಬು (ಒಣಗಿಸಿದ ಕಡಲಕಳೆ), 4 ಒಣ ಶಿಯಿತಾಕೆ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಕೊಂಬು ತೆಗೆದುಬಿಡಿ, ಕುದಿಸಿದರೆ ಲೋಳೆ ಬರುತ್ತದೆ. ಅಣಬೆ ಕೊಚ್ಚಿ, ಹಿಂಡಿದ ತೊಫು, ಶುಂಠಿ ಜೊತೆ ಎಳ್ಳೆಣ್ಣೆಯಲ್ಲಿ ಕಂದುಬಣ್ಣ ಬರುವ ತನಕ ಹುರಿದರೆ ಮೇಲಿನ ಪಲ್ಯ ಆಯಿತು.

ಒಂದೊಂದು ಬಟ್ಟಲಿಗೆ 2 ದೊಡ್ಡ ಚಮಚ ನೆರಿಗೊಮಾ (ಎಳ್ಳಿನ ಪೇಸ್ಟ್), ಒಂದೂವರೆ ದೊಡ್ಡ ಚಮಚ ಮಿಸೊ, 2 ಟೀ ಚಮಚ ಸೋಯಾ ಸಾಸ್, ಬೇಕಾದಷ್ಟು ರಾಯು (ಮೆಣಸಿನಕಾಯಿ ಎಣ್ಣೆ). ಮಿಸೊ ಪ್ಯಾಕೆಟ್ ಮೇಲೆ "ದಾಶಿ ಇರಿ" ಅಂತಿದ್ದರೆ ಬೇಡ, ಅದಕ್ಕೆ ಸಾಮಾನ್ಯವಾಗಿ ಮೀನು ಬಿದ್ದಿರುತ್ತದೆ. ಮೊದಲು 200 ಮಿ.ಲೀ. ಬಿಸಿ ಅಣಬೆ ನೀರಿನಲ್ಲಿ ಇವನ್ನೆಲ್ಲ ಗಂಟಿಲ್ಲದಂತೆ ಕರಗಿಸಿ. 150 ಮಿ.ಲೀ. ಸೋಯಾ ಹಾಲನ್ನು ಬೇರೆಯಾಗಿ ಬಿಸಿ ಮಾಡಿ, ಅಂಚಿನಲ್ಲಿ ಆವಿ ಕಂಡರೆ ಸಾಕು, ಕೊನೆಯಲ್ಲಿ ಸುರಿಯಿರಿ. ಸುರಿದ ಮೇಲೆ ಒಲೆಗೆ ಇಡಲೇಬಾರದು. ಮಿಸೊದ ಉಪ್ಪು ಮತ್ತು ಹುಳಿ, ಮೇಲೆ ಕುದಿ, ಮೂರೂ ಸೇರಿದರೆ ಹಾಲು ಒಡೆಯುತ್ತದೆ. ಒಡೆದೇ ಹೋದರೆ ಚೆಲ್ಲಬೇಡಿ, ಇನ್ನೊಂದು ಚಮಚ ನೆರಿಗೊಮಾ ಹಾಕಿ ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿ, ಮತ್ತೆ ಕೂಡಿಕೊಳ್ಳುತ್ತದೆ. ನೂಡಲ್ಸನ್ನು ಬೇರೆ ಪಾತ್ರೆಯಲ್ಲೇ ಬೇಯಿಸಿ ನೀರು ಚೆನ್ನಾಗಿ ಕೊಡವಿ. ಬೇಯಿಸಿದ ನೀರು ಸೇರಿದರೆ ಸೂಪಿಗೆ ಕ್ಷಾರದ ವಾಸನೆ ಹತ್ತುತ್ತದೆ.